ಮೂಡಣ ಹದಿನಾಲ್ಕರ ತೂಕ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಕುಲವನ್ನಲ್ಲ, ಹರದಾರಿಯನ್ನು. ಊರೆಂದರೆ ಒಂದೇ ಒಂದು ನೇರ ರಸ್ತೆ, ಅದರ ಪಕ್ಕಕ್ಕೆ ಒಂದೇ ಒಂದು ಕಾಲುವೆ. ಎರಡೂ ಮೂಡಣಕ್ಕೆ ಹೋದಷ್ಟೂ ಇವೆ, ಪಡುವಣಕ್ಕೆ ಹೋದಷ್ಟೂ ಇವೆ. ನಡುವೆ ಎದೆಮಟ್ಟದ ಒಂದು ಕರಿಯ ಕಲ್ಲು ನಿಂತಿದೆ. ಅದಕ್ಕೆ ನಡುಗಲ್ಲು ಎನ್ನುತ್ತೇವೆ. ಅಲ್ಲಿಂದ ಎಷ್ಟು ಹರದಾರಿ ಎಂದು ಹೇಳಿದರೆ ಸಾಕು, ಅದೇ ಮನೆಯ ವಿಳಾಸ. ನಾನು ಹುಟ್ಟಿದ್ದು ಪಡುವಣ ಒಂದರಲ್ಲಿ. ನನ್ನ ಅಕ್ಕ ದುಂಡವ್ವನನ್ನು ಕೊಟ್ಟದ್ದು ಮೂಡಣ ಹದಿನಾಲ್ಕಕ್ಕೆ. ಅವಳ ಮದುವೆಯ ದಿನ ನಮ್ಮವ್ವ ಅತ್ತಳು. ಮಗಳು ಗಂಡನ ಮನೆಗೆ ಹೋಗುತ್ತಾಳೆಂದು ಅತ್ತದ್ದಲ್ಲ, ಹದಿನಾಲ್ಕಕ್ಕೆ ಹೋಗುತ್ತಾಳೆಂದು.

ವರ್ಷಕ್ಕೊಮ್ಮೆ, ಚಳಿ ಮುಗಿದ ಮೇಲೆ ಬರುವ ಮೊದಲ ಸೋಮವಾರ, ಊರಿನವರೆಲ್ಲ ನಡುಗಲ್ಲಿನ ಮುಂದೆ ಸೇರುತ್ತಾರೆ. ಲೆಕ್ಕದ ಮನೆಯವರು ಆ ವರ್ಷದ ಸೂತ್ರವನ್ನು ಕಲ್ಲಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಯಾವ ಹರದಾರಿಯಲ್ಲಿ ಎಷ್ಟು ಎಂದು ಸೂತ್ರ ಹೇಳುತ್ತದೋ, ಸಂಜೆಯ ಹೊತ್ತಿಗೆ ಅಲ್ಲಿ ಕಾಲುವೆಯ ನೀರು ಅಷ್ಟೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿನ ಬಾವಿಯಲ್ಲೂ ಗದ್ದೆಯಲ್ಲೂ ಅಷ್ಟೇ ನೀರು. ಮುಂದಿನ ವರ್ಷದ ಓದಿನವರೆಗೆ ಅದು ಒಂದು ಬೆರಳೂ ಕದಲುವುದಿಲ್ಲ. ಮಳೆ ಸುರಿದರೂ ಅಷ್ಟೇ, ಬಿಸಿಲು ಸುಟ್ಟರೂ ಅಷ್ಟೇ.

ಕಲ್ಲು ಎಲ್ಲ ಸೂತ್ರಗಳನ್ನೂ ಒಪ್ಪುವುದಿಲ್ಲ. ದೂರವನ್ನು ಅದರಿಂದಲೇ ಗುಣಿಸಬೇಕು, ಬಂದದ್ದನ್ನು ಮತ್ತೆ ದೂರದಿಂದ ಗುಣಿಸಬೇಕು, ಒಂದೊಂದಕ್ಕೂ ಒಂದು ಸಂಖ್ಯೆ ಹಚ್ಚಿ ಎಲ್ಲವನ್ನೂ ಕೂಡಬೇಕು. ಶಾಲೆಯ ಪುಸ್ತಕದಲ್ಲಿ ಬಹುಪದೋಕ್ತಿ ಎನ್ನುತ್ತಾರಲ್ಲ, ಅದೇ. ಬೇರೆ ಯಾವುದಕ್ಕೂ ಕಲ್ಲಿನ ಕಿವಿ ಇಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಯಾರೋ ಒಬ್ಬರು, ‘ಹತ್ತು ಹರದಾರಿ ದಾಟಿದ ಮೇಲೆ ಸುಮ್ಮನಿರು’ ಎಂಬ ಮಾತು ಸೇರಿಸಿ ಓದಿದರಂತೆ. ಆ ವರ್ಷವಿಡೀ ಕಾಲುವೆಯಲ್ಲಿ ಒಂದು ತಂಬಿಗೆ ನೀರು ಬರಲಿಲ್ಲ.

ಹದಿನಾರು ತುಂಬಿದಾಗ ನಾನು ಲೆಕ್ಕದ ಮನೆ ಸೇರಿದೆ. ಅಲ್ಲಿ ನಾವು ಆರು ಮಂದಿ ಇದ್ದೆವು. ಹಿರಿಯರು ಗುರುಪಾದಪ್ಪ ಮಾಸ್ತರರು. ಬೇಸಿಗೆಯಿಂದ ಚಳಿಯವರೆಗೆ ಮನೆಮನೆಗೂ ಹೋಗಿ, ನಿಮಗೆ ನೀರು ಹೊಸ್ತಿಲಿಗಿಂತ ಎಷ್ಟು ಮೊಳ ಕೆಳಗಿರಬೇಕು ಎಂದು ಕೇಳಿ ಬರುತ್ತಿದ್ದೆವು. ಎಲ್ಲರ ಬೇಡಿಕೆಯನ್ನೂ ಒಂದು ಉದ್ದನೆಯ ಬಟ್ಟೆಯ ಮೇಲೆ ಚುಕ್ಕಿ ಇಟ್ಟು, ಕೈ ಎತ್ತದೆ ಒಂದೇ ಗೆರೆಯಲ್ಲಿ ಸೇರಿಸುತ್ತಿದ್ದೆವು. ಆ ಗೆರೆಗೆ ಆದಷ್ಟೂ ಹತ್ತಿರ ಹೋಗುವ ಸೂತ್ರವನ್ನು ಹುಡುಕುವುದು ನಮ್ಮ ಕೆಲಸ.

ಇಂಥ ಸೂತ್ರಗಳಿಗೆ ಒಂದು ಕೆಟ್ಟ ಗುಣವಿದೆ. ಹತ್ತಿರದಲ್ಲಿ ಹೇಳಿದಂತೆ ಬಾಗುತ್ತವೆ, ದೂರ ಹೋದಂತೆ ಕೈ ಮೀರುತ್ತವೆ. ಒಂದೋ ಮುಗಿಲಿಗೆ ಏರುತ್ತವೆ, ಇಲ್ಲವೇ ಪಾತಾಳಕ್ಕೆ ಇಳಿಯುತ್ತವೆ. ಅದಕ್ಕೇ ಹಿಂದಿನವರು ಒಂದು ತೂಕದ ಪಟ್ಟಿ ಮಾಡಿಟ್ಟಿದ್ದರು. ನಡುಗಲ್ಲಿನ ಹತ್ತಿರ ನೀರು ಒಂದು ಮೊಳ ತಪ್ಪಿದರೆ ಅದು ಒಂದು ಮೊಳದ ತಪ್ಪೇ. ಐದು ಹರದಾರಿಯಲ್ಲಿ ತಪ್ಪಿದರೆ ಅರ್ಧ ಮೊಳ ಎಂದು ಲೆಕ್ಕ. ಹತ್ತರಲ್ಲಿ ಒಂದು ಬೆರಳು. ಹದಿನಾಲ್ಕರಲ್ಲಿ ಮೊಳದಷ್ಟು ತಪ್ಪಿದರೂ ಪಟ್ಟಿಯ ಪ್ರಕಾರ ಅದು ಕೂದಲೆಳೆ. ಹೀಗೆ ತೂಗಿ ನೋಡಿದ ತಪ್ಪು ಎಲ್ಲಿಯೂ ಒಂದು ಗೇಣು ಮೀರದಿದ್ದರೆ ಪಂಚರು ಸೂತ್ರಕ್ಕೆ ಮುದ್ರೆ ಒತ್ತುತ್ತಿದ್ದರು.

ಪಟ್ಟಿ ಮಾಡಿದ ಕಾಲದಲ್ಲಿ ಹತ್ತರ ಆಚೆ ಮನೆಗಳೇ ಇರಲಿಲ್ಲವಂತೆ. ಆಮೇಲೆ ಊರು ಬೆಳೆಯಿತು. ಜಗಳವಾಡಿದವರು, ಹಿಸೆಯಲ್ಲಿ ಏನೂ ಸಿಗದವರು, ಇಟ್ಟಿಗೆ ಸುಡುವವರು ಒಬ್ಬರ ಹಿಂದೆ ಒಬ್ಬರು ಆಚೆ ಹೋದರು. ಮೂಡಣ ಹದಿನಾಲ್ಕರಲ್ಲಿ ನಲವತ್ತು ಮನೆಗಳಾದವು. ಅಲ್ಲಿ ನೀರು ಒಂದು ವರ್ಷ ಮಾಳಿಗೆ ಮುಳುಗಿಸಿದರೆ ಇನ್ನೊಂದು ವರ್ಷ ಬಾವಿಯ ತಳ ಬಿಟ್ಟು ಓಡುತ್ತದೆ. ಪ್ರತಿ ಮನೆಯ ಮಾಳಿಗೆಗೆ ಒಂದು ದೋಣಿ ಕಟ್ಟಿರುತ್ತಾರೆ, ಬಾವಿಯ ಹತ್ತಿರ ನೂರು ಮೊಳದ ಹಗ್ಗ ಸುತ್ತಿಟ್ಟಿರುತ್ತಾರೆ. ಯಾವುದು ಬೇಕಾಗುತ್ತದೆ ಎಂಬುದು ಆ ಸೋಮವಾರ ಸಂಜೆ ತಿಳಿಯುತ್ತದೆ. ಮೂಡಣ ಮುಳುಗಿದ ವರ್ಷ ಪಡುವಣದ ದೂರದವರು ಒಣಗುತ್ತಾರೆ, ಮರುವರ್ಷ ತಿರುಗಿಸುತ್ತೇವೆ. ಇದನ್ನು ಲೆಕ್ಕದ ಮನೆಯಲ್ಲಿ ನ್ಯಾಯ ಎಂದು ಕರೆಯುತ್ತಿದ್ದೆವು. ನಾನೂ ಹಾಗೆಯೇ ಕರೆಯುತ್ತಿದ್ದೆ.

ನನಗೆ ಮೂವತ್ತೆರಡಾದ ವರ್ಷ ಮೂಡಣದ ಸರದಿ ಮುಳುಗುವುದಿತ್ತು. ಹದಿನಾಲ್ಕರಲ್ಲಿ ಎಂಟು ಮೊಳ ಏರಬಹುದು ಎಂದು ನಾವು ಅಂದಾಜು ಮಾಡಿದ್ದೆವು. ಅದು ನಾವು ಕಣ್ಣಿಟ್ಟು ನೋಡುವ ಸಂಖ್ಯೆಯಲ್ಲ, ಕೂದಲೆಳೆಗೆ ಯಾರು ಎರಡು ಸಲ ಗುಣಿಸುತ್ತಾರೆ? ಏರಿದ್ದು ಹತ್ತೊಂಬತ್ತು ಮೊಳ.

ಮೂರನೆಯ ದಿನ ಮಧ್ಯಾಹ್ನ ಅಕ್ಕ ಲೆಕ್ಕದ ಮನೆಯ ಬಾಗಿಲಿಗೆ ಬಂದಳು. ಅವಳ ಹಿಂದೆ ಮೂವತ್ತು ನಲವತ್ತು ಜನ, ಗಂಡಸರು ಹೆಂಗಸರು, ಎಲ್ಲರ ಬಟ್ಟೆಯೂ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಅವಳ ಕೊರಳು ಬರಿದಾಗಿತ್ತು.

“ಅಕ್ಕಾ, ಮಾವ ಎಲ್ಲಿ?” ಎಂದೆ. ಭಾವನನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ. ಆ ಬರಿಗೊರಳು ನೋಡಿದ್ದರೂ ಕೇಳಿದೆ.

“ದೋಣಿ ಬಿಚ್ಚಾಕ ಮಾಳಿಗಿ ಮ್ಯಾಲ ಹತ್ತಿದ್ರು. ಬಿಚ್ಚೂದರಾಗ ನೀರು ಬಂತು” ಎಂದಳು. ಅಳಲಿಲ್ಲ. “ನಿಂಗಿಯನ್ನ ಮೂಡಣ ಹದಿನೆಂಟರ ಮಂದಿ ಎತ್ತಿಗೊಂಡ್ರು. ತಮ್ಮ ದೋಣಿಯೊಳಗ ಜಾಗಾ ಇರಲಿಲ್ಲ ಅವರಿಗೆ, ತಮ್ಮ ಕಾಳಿನ ಚೀಲ ನೀರಿಗೆ ಒಗದು ನನ್ನ ಮಗಳನ್ನ ಕೂಡ್ರಿಸಿಕೊಂಡ್ರು.” ಆಮೇಲೆ ಗೋಡೆಗೆ ತೂಗುಹಾಕಿದ್ದ ತೂಕದ ಪಟ್ಟಿಯನ್ನು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. “ಶಾವಂತ್ರಿ, ಅದರಾಗ ಹದಿನಾಲ್ಕು ಎಲ್ಲೈತಿ, ಬೆರಳಿಟ್ಟು ತೋರ್ಸು.”

ನಾನು ಎದ್ದು ಹೋಗಿ ಬೆರಳಿಟ್ಟೆ. ಅವಳು ಹತ್ತಿರ ಬಂದು ಆ ಸಣ್ಣ ಅಂಕಿಯನ್ನು ಬಹಳ ಹೊತ್ತು ನೋಡಿದಳು.

“ಇಷ್ಟ ಏನು?” ಎಂದಳು.

ಅವರು ಅಲ್ಲಿಂದ ಹೋಗಿ ರಸ್ತೆಯಲ್ಲಿ ಕೂತರು. ಊರಿನ ಇಟ್ಟಿಗೆಯೆಲ್ಲ ಮೂಡಣದ ಗಾಡಿಗಳಲ್ಲಿ ಬರುತ್ತದೆ. ಇಪ್ಪತ್ತು ದಿನ ಒಂದು ಗಾಡಿಯೂ ನಡುಗಲ್ಲು ಮುಟ್ಟಲಿಲ್ಲ. ಇಪ್ಪತ್ತೊಂದನೆಯ ದಿನ ಪಂಚರ ಹಿರಿಯ ಚನ್ನಮಲ್ಲಪ್ಪನವರು ನಮ್ಮನ್ನು ಕರೆಸಿ, ಹೊಸ ಪಟ್ಟಿ ಮಾಡಿ ನೋಡಿರಿ ಎಂದರು. ಅಕ್ಕನ ಕಡೆಯವರು ಕೇಳಿದ್ದು ದೊಡ್ಡದೇನಲ್ಲ. ತೂಕ ದೂರಕ್ಕೆ ಇಳಿಯಲಿ, ಆದರೆ ನಿಧಾನವಾಗಿ ಇಳಿಯಲಿ. ಹದಿನಾಲ್ಕರಲ್ಲಿ ಅರ್ಧ ಇರಲಿ, ನಲವತ್ತರಲ್ಲಿ ಕಾಲು ಇರಲಿ. ಅದರ ಆಚೆಗೂ ಹೀಗೆಯೇ, ಯಾರನ್ನೂ ಒಮ್ಮೆಗೇ ಬಿಡುವುದು ಬೇಡ.

ನಾವು ಆರು ತಿಂಗಳು ಗುಣಿಸಿದೆವು. ಹತ್ತು ಪದಗಳ ಸೂತ್ರ ಮಾಡಿದೆವು, ಇಪ್ಪತ್ತು ಪದಗಳದ್ದು ಮಾಡಿದೆವು, ಅರವತ್ತಕ್ಕೆ ಹೋದೆವು. ಹಳೆಯ ಪಟ್ಟಿಯಲ್ಲಾದರೆ ಪದ ಹೆಚ್ಚಿಸಿದಂತೆ ತಪ್ಪು ಕರಗುತ್ತಿತ್ತು. ಹೊಸ ಪಟ್ಟಿಯಲ್ಲಿ ಅದು ಮೂರು ಮೊಳಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಒಂದು ಬೆರಳೂ ಇಳಿಯದು. ನಿಂತದ್ದು ಪ್ರತಿ ಸಲವೂ ಒಂದೇ ಜಾಗದಲ್ಲಿ, ಪಡುವಣ ಎರಡರ ತಗ್ಗಿನ ಓಣಿಯಲ್ಲಿ.

ಕೊನೆಗೊಂದು ದಿನ ಗುರುಪಾದಪ್ಪ ಮಾಸ್ತರರು ಹದಿನೇಳು ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟರು. “ಇದು ಆಗಂಗಿಲ್ಲ” ಎಂದರು.

“ಇನ್ನೊಂದು ನಲವತ್ತು ಪದ ಹಾಕಿ ನೋಡೂಣ್ರಿ, ಮಾಸ್ತರ.”

“ಸಾವಿರ ಹಾಕವ್ವಾ. ಪದ ಕಡಿಮಿ ಬಿದ್ದಾವಂತ ಅಲ್ಲ. ಅಂಥ ಸೂತ್ರನ ಇಲ್ಲ. ಇಲ್ಲಂತ ಇದರಾಗ ತೋರ್ಸೀನಿ.” ಅವರು ಕುರ್ಚಿಯಲ್ಲಿ ಕೂತು ಕಣ್ಣು ಉಜ್ಜಿಕೊಂಡರು. “ದೂರದಾಗ ಅದನ್ನ ಗಟ್ಟಿ ಹಿಡಿದ್ವಿ ಅಂದ್ರ ಹತ್ತರದಾಗ ಅದು ಬಿರುಸಾಗತೈತಿ. ಸಾವಕಾಶ ಬಾಗತೈತಿ, ಚೂಪಾಗಿ ಬಾಗಂಗಿಲ್ಲ. ನಮ್ಮ ಗೆರಿಯೊಳಗ ಒಂದ ಕಡೆ ಚೂಪು ಐತಿ, ನಿನಗ ಗೊತ್ತೈತಿ.”

ಗೊತ್ತಿತ್ತು. ತಗ್ಗಿನ ಓಣಿ ಹೆಸರಿಗೆ ತಕ್ಕಂತೆ ತಗ್ಗಿನಲ್ಲಿದೆ. ಚಾಪೆ ಹೆಣೆಯುವವರ ಮೂವತ್ತು ಮನೆಗಳು. ಅಲ್ಲಿ ನೀರು ಬಹಳ ಕೆಳಗಿರಬೇಕು. ಅದರ ಎರಡು ಮಗ್ಗುಲಿಗೂ ಚನ್ನಮಲ್ಲಪ್ಪನವರ ಮತ್ತು ಅವರ ಬೀಗರ ಗದ್ದೆಗಳು. ಎರಡು ಬೆಳೆ ಬರಬೇಕಾದರೆ ಅಲ್ಲಿ ನೀರು ಮೇಲಿರಬೇಕು. ಹಾಗಾಗಿ ನಮ್ಮ ಬಟ್ಟೆಯ ಮೇಲಿನ ಗೆರೆ ಎತ್ತರದಿಂದ ಸರ್ರನೆ ಬಿದ್ದು, ಒಂದು ಓಣಿಯ ಅಗಲದಲ್ಲಿಯೇ ಮತ್ತೆ ಸರ್ರನೆ ಏರುತ್ತಿತ್ತು.

“ಹಳೇ ಪಟ್ಟಿಯೊಳಗ ಎಂಥಾ ಚೂಪು ಗೆರಿನೂ ಸಿಗತೈತೆಲ್ರಿ?” ಎಂದೆ.

“ಸಿಗತೈತಿ. ಅದರಾಗ ದೂರದವರು ಇಲ್ಲ, ಅದಕ್ಕ ಸಿಗತೈತಿ” ಎಂದರು ಮಾಸ್ತರರು.

ಪಂಚರ ಸಭೆಗೆ ಅಕ್ಕನನ್ನೂ ಕರೆಸಿದ್ದರು. ಮಾಸ್ತರರು ಹದಿನೇಳು ಹಾಳೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಆಮೇಲೆ ನಾನು ಎದ್ದು ನಿಂತೆ. ಲೆಕ್ಕದ ಮನೆಯವರು ಕೇಳದೆ ಮಾತಾಡುವ ಪದ್ಧತಿ ಇಲ್ಲ.

“ಯಜಮಾನ್ರ, ಗದ್ದಿಯವರು ಎರಡನೇ ಬೆಳಿ ಬಿಟ್ರ ಗೆರಿ ಸಾಪಾಗತೈತಿ. ತಗ್ಗಿನ ಓಣಿನೂ ಉಳಿತೈತಿ, ಹದಿನಾಲ್ಕೂ ಉಳಿತೈತಿ. ಲೆಕ್ಕಾ ಮಾಡಿ ನೋಡೀನ್ರಿ.”

ಚನ್ನಮಲ್ಲಪ್ಪನವರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವ ಮನುಷ್ಯರೇ ಅಲ್ಲ. “ಒಂದ ಬೆಳಿಯೊಳಗ ಊರು ಹೊಟ್ಟಿ ತುಂಬಂಗಿಲ್ಲವ್ವಾ. ಗದ್ದಿ ಮಾತು ಬಿಡು” ಎಂದು, ಅಕ್ಕನ ಕಡೆ ತಿರುಗಿದರು. “ದುಂಡವ್ವಾ, ನಾ ಒಂದು ಹಾದಿ ಹೇಳತೇನಿ ಕೇಳು. ಹದಿನಾಲ್ಕರ ತನಕ ಪೂರಾ ತೂಕಾ ಕೊಡೂಣು, ನಡುಗಲ್ಲಿಗೆ ಕೊಟ್ಟಷ್ಟ. ಅದರ ಆಚಿ ಏನೂ ಬ್ಯಾಡ. ಹಂಗ ಮಾಡಿದ್ರ ಸೂತ್ರ ಸಿಗತೈತೋ ಇಲ್ಲೋ, ಮಾಸ್ತರ?”

“ಸಿಗತೈತ್ರಿ. ಒಂದು ಕಡೆ ಗೆರಿ ಹಾಕಿ ಕಡದ್ರ ಯಾವಾಗ್ಲೂ ಸಿಗತೈತಿ” ಎಂದರು ಮಾಸ್ತರರು.

“ಮುಗೀತಲ್ಲ. ನಿಮ್ಮ ಮನಿ ಉಳದ್ವು.”

ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ, ಹೂಂ ಅನ್ನು, ಹೂಂ ಅನ್ನು ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

“ಹದಿನೆಂಟರಾಗ ನೀರು ಎಷ್ಟಾಗತೈತ್ರಿ ಹಂಗ ಮಾಡಿದ್ರ?” ಎಂದು ಕೇಳಿದಳು.

ಅವಳು ನನ್ನನ್ನು ನೋಡಿದಳು. ನಾನು ಸುಳ್ಳು ಹೇಳಬಹುದಿತ್ತು. “ಸಾವಿರ ಮೊಳದ ಮ್ಯಾಲ” ಎಂದೆ.

“ಹಂಗಾದ್ರ ಬ್ಯಾಡ್ರಿ” ಎಂದಳು. “ಕೊನೀ ಮನಿ ನಮ್ಮದಲ್ಲ. ನಾವು ಮಾಳಿಗಿ ಏರಿ ನೋಡಿದ್ರ ಆಚಿ ಹೊಗಿ ಕಾಣತೈತಿ. ಆ ಹೊಗಿ ಮಂದಿ ಏರಿ ನೋಡಿದ್ರ ಅವರಿಗೂ ಆಚಿ ಹೊಗಿ ಕಾಣತೈತಂತ. ನನ್ನ ಮಗಳನ್ನ ಎತ್ತಿಗೊಂಡವರ ಮ್ಯಾಲ ನಾ ನೀರು ಬಿಡ್ಸಂಗಿಲ್ಲ.”

“ವಿಚಾರ ಮಾಡು” ಎಂದರು ಹಿರಿಯರು.

“ಮಾಡಿ ಬಂದೀನ್ರಿ.”

ಆ ದಿನವೇ ಹಳೆಯ ಪಟ್ಟಿಯನ್ನು ಮತ್ತೆ ಗೋಡೆಗೆ ತೂಗುಹಾಕಿದರು. ಇಟ್ಟಿಗೆ ಗಾಡಿಗಳ ಹಾದಿಗೆ ಕೋಲು ಹಿಡಿದವರನ್ನು ನಿಲ್ಲಿಸಿದರು. ಅಕ್ಕ ತನ್ನವರನ್ನು ಕರೆದುಕೊಂಡು ಹದಿನಾಲ್ಕಕ್ಕೆ, ನೀರಿನ ಮೇಲಿನ ದೋಣಿಗಳಿಗೆ ಹೋದಳು. ಬೀಳ್ಕೊಡಲು ಹೋದ ನನ್ನನ್ನು ಬೈಯಲೂ ಇಲ್ಲ, ಮುಟ್ಟಲೂ ಇಲ್ಲ.

ಮುಂದಿನ ವರ್ಷ ಮೂಡಣ ಒಣಗುವ ಸರದಿ, ಸೂತ್ರ ಓದುವ ಸರದಿ ನನ್ನದು. ಹಳೆಯ ಪಟ್ಟಿಯ ಸೂತ್ರ ಸಿದ್ಧವಾಯಿತು, ಮುದ್ರೆಯೂ ಬಿತ್ತು. ಅದನ್ನು ಈ ಸಲ ನಾನು ಕೂದಲೆಳೆಯ ತನಕ ಗುಣಿಸಿ ನೋಡಿದೆ. ಹದಿನಾಲ್ಕರಲ್ಲಿ ನೀರು ಇನ್ನೂರ ಹತ್ತು ಮೊಳ ಕೆಳಗೆ. ನೂರು ಮೊಳದ ಹಗ್ಗದವರಿಗೆ ಅದು ಇನ್ನೊಂದು ಬಗೆಯ ಸಾವು, ಅಷ್ಟೇ. ಆಚೆ ಈಚೆಗಳನ್ನೆಲ್ಲ ಕೂಡಿ, ಹಿಂದಿನ ವರ್ಷಗಳನ್ನು ನೋಡಿ, ನೂರಾರು ಜನ ಸಾಯುತ್ತಾರೆ ಎಂದು ಅಂದಾಜು ಮಾಡಿದೆ.

ನಿಧಾನವಾಗಿ ಇಳಿಯುವ ಪಟ್ಟಿಗೆ ಮಾಡಿದ್ದ ಅರವತ್ತು ಪದಗಳ ಸೂತ್ರ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ಹೊರಗೆ ತೆಗೆದೆ. ಅದರ ಪ್ರಕಾರ ಹದಿನಾಲ್ಕರಲ್ಲಿ ನೀರು ಹೊಸ್ತಿಲಿಗಿಂತ ಎರಡು ಮೊಳ ಕೆಳಗೆ ನಿಲ್ಲುತ್ತದೆ. ಹದಿನೆಂಟರಲ್ಲಿ ಒಂದು ಮೊಳ ಕೆಳಗೆ. ನಲವತ್ತರಲ್ಲಿ ಹೊಸ್ತಿಲು ತೊಯ್ಯುತ್ತದೆ, ಮನೆ ಮುಳುಗುವುದಿಲ್ಲ. ತಗ್ಗಿನ ಓಣಿಯಲ್ಲಿ ಹೊಸ್ತಿಲಿಗಿಂತ ಮೂರು ಮೊಳ ಮೇಲೆ. ನೀರು ಏರುವುದಕ್ಕೆ ಒಂದು ಮಧ್ಯಾಹ್ನ ಬೇಕು, ಕೈಕಾಲಿದ್ದವರು ನಡೆದು ಹೋಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಇದನ್ನು ಎಷ್ಟು ಸಲ ಹೇಳಿಕೊಂಡೆನೆಂದರೆ ಕೊನೆಗೆ ಅದು ಲೆಕ್ಕದ ಒಂದು ಸಾಲಿನಂತೆ ಕಂಡಿತು.

ಮುದ್ರೆ ಬಿದ್ದ ಸೂತ್ರದ ಬದಲು ಆ ಅರವತ್ತು ಪದಗಳನ್ನು ಓದುವ ಹಾಳೆಗೆ ಪ್ರತಿ ಮಾಡುತ್ತಿದ್ದಾಗ ಮಾಸ್ತರರು ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಅವರು ಮೊದಲ ಐದು ಸಂಖ್ಯೆಗಳನ್ನು ಓದಿದರು. ಅವರಿಗೆ ಅಷ್ಟು ಸಾಕು.

“ತಗ್ಗಿನ ಓಣಿಯೊಳಗ ಯಾರ್ಯಾರು ಅದಾರ ಗೊತ್ತೈತೇನು ನಿನಗ?”

“ಗೊತ್ತೈತ್ರಿ. ಹತ್ತು ವರ್ಷ ಬೇಡಿಕಿ ಬರಕೊಂಡು ಬಂದಾಕಿ ನಾನ.”

“ಹಂಗಾದ್ರ ಹೆಸರು ಹಿಡದು ಲೆಕ್ಕಾ ಮಾಡು. ಮೊಳದಾಗ ಮಾಡಬ್ಯಾಡ.” ಅವರು ಬಾಗಿಲವರೆಗೆ ಹೋಗಿ ನಿಂತರು. “ನಾ ನೋಡಿಲ್ಲಂತ ಹೇಳಂಗಿಲ್ಲ, ತಂಗೀ. ಕೇಳಿದವರಿಗೆ ಖರೇ ಹೇಳತೇನಿ.”

“ಈಗ ಹೋಗಿ ಹೇಳತೀರೇನ್ರಿ?”

ಅವರು ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಮರುದಿನ ಅವರು ಯಾರಿಗೂ ಹೇಳಿರಲಿಲ್ಲ ಎಂದು ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದು ನಾನು ಕೊನೆಗೂ ಕೇಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ತಗ್ಗಿನ ಓಣಿಗೆ ಹೋದೆ. ಮೊದಲ ಮನೆ ಶಿದ್ರಾಮನದು. ನನಗಿಂತ ಐದಾರು ವರ್ಷ ಚಿಕ್ಕವನು, ಬೆನ್ನು ಬಗ್ಗಿಸಿ ಚಾಪೆಯ ಜಂಬುಹುಲ್ಲು ಸೀಳುತ್ತಿದ್ದ. ಒಳಗೆ ಅವನ ತಾಯಿ ಬಾಳವ್ವ ಮಲಗಿದ್ದಳು. ಎರಡು ವರ್ಷದಿಂದ ಅವಳಿಗೆ ಬಲಮಗ್ಗುಲು ಬಿದ್ದುಹೋಗಿತ್ತು. ನಾನು ಬಂದೆನೆಂದು ತಿಳಿದು ಎಡಗೈ ಎತ್ತಿ ಕರೆದಳು. ನಾನು ಹೊಸ್ತಿಲಿನಿಂದಲೇ ಮಾತಾಡಿದೆ.

“ಶಿದ್ರಾಮಾ, ನಾಳಿಗೆ ಸಾಮಾನು ಅಟ್ಟದ ಮ್ಯಾಲ ಇಟ್ಟು ಬಾ. ನೆರೆಯವರಿಗೂ ಹೇಳು.”

“ಯಾಕ್ರಿ ಅಕ್ಕಾರ? ಈ ಸಲ ಏನರ ಹೆಚ್ಚುಕಡಿಮಿ ಐತೇನ್ರಿ?”

“ಒಂದೀಟು ತೇವಾ ಆಗಬಹುದು.”

“ಒಂದೀಟ ಅಂದ್ರ ಚಾಪಿ ಅಷ್ಟ ಏರಸ್ತೇನ್ರಿ” ಎಂದು ನಕ್ಕ. “ಕೂಡ್ರಿ, ಚಾ ಕುಡದು ಹೋಗ್ರಿ.”

ನಾನು ಕೂರಲಿಲ್ಲ. ಅವನಿಗೆ ಇನ್ನೊಂದು ಮಾತು ಹೇಳಬೇಕಿತ್ತು. ನಾಳೆ ನಡುಗಲ್ಲಿಗೆ ಬರಬೇಡ, ಮನೆಯಲ್ಲಿಯೇ ಇರು, ಅವ್ವನನ್ನು ಬೆನ್ನ ಮೇಲೆ ಹೊತ್ತು ದಿಬ್ಬಕ್ಕೆ ಹೋಗು ಎನ್ನಬೇಕಿತ್ತು. ಅಷ್ಟು ಹೇಳಿದರೆ ಮಧ್ಯಾಹ್ನದೊಳಗೆ ಅದು ಪಂಚರ ಕಿವಿಗೆ ಹೋಗುತ್ತದೆ, ಹಾಳೆ ನನ್ನ ಕೈಯಿಂದ ಹೋಗುತ್ತದೆ. ಹೀಗೆಂದು ತೂಗಿ ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಆ ಓಣಿಯಲ್ಲಿ ಮೂವತ್ತು ಮನೆಗಳಿಗೂ ಹೋದೆ, ಮೂವತ್ತು ಕಡೆಯೂ ಒಂದೀಟು ತೇವ ಎಂದೆ.

ಸೋಮವಾರ ಹತ್ತು ಗಂಟೆಗೆ ನಡುಗಲ್ಲಿನ ಮುಂದೆ ನಿಂತು ಅರವತ್ತು ಪದಗಳನ್ನು ಓದಿದೆ. ಸಂಖ್ಯೆಗಳು ಉದ್ದವಾಗಿದ್ದವು. ಜನ ಮಗ್ಗುಲು ಬದಲಿಸಿದರು, ಮಕ್ಕಳು ಅತ್ತವು, ಕಳೆದ ವರ್ಷಕ್ಕಿಂತ ಭಾಳ ಉದ್ದ ಐತಲ್ಲ ಎಂದು ಯಾರೋ ಗೊಣಗಿದರು. ಚನ್ನಮಲ್ಲಪ್ಪನವರು ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು. ಮಾಸ್ತರರು ನೆಲ ನೋಡುತ್ತಿದ್ದರು. ಕೊನೆಯ ಸಂಖ್ಯೆ ಓದಿ ಮುಗಿಸಿದಾಗ ಕಾಲುವೆಯೊಳಗೆ, ಯಾರೋ ನೆಲದಡಿಯಲ್ಲಿ ಉಸಿರೆಳೆದುಕೊಂಡಂತೆ ಸದ್ದಾಯಿತು. ಕಲ್ಲು ಒಪ್ಪಿತ್ತು.

ಪದ್ಧತಿಯಂತೆ ಓದಿನ ಮೇಲೆ ಊಟ ಇರುತ್ತದೆ. ಜನ ಸಾಲಾಗಿ ಕೂತಿದ್ದರು. ಮೂರು ಗಂಟೆಯ ಹೊತ್ತಿಗೆ ಪಡುವಣದಿಂದ ಒಬ್ಬ ಓಡಿ ಬಂದು, ತಗ್ಗಿನ ಓಣಿಗೆ ನೀರು ನುಗ್ಗಿದೆ ಎಂದ. ಎಲೆಗಳನ್ನು ತುಳಿದುಕೊಂಡು ಎಲ್ಲರೂ ಓಡಿದರು. ನಾನೂ ಓಡಿದೆ. ಎರಡು ಹರದಾರಿ ಓಡುವುದೆಂದರೆ ಸುಮ್ಮನಲ್ಲ. ನಾನು ಮುಟ್ಟಿದಾಗ ನೀರು ಹೆಂಚಿನ ಇಳಿಜಾರಿಗೆ ಬಂದಿತ್ತು, ಚಾಪೆಗಳು ತೇಲುತ್ತಿದ್ದವು. ಶಿದ್ರಾಮ ಕತ್ತಿನವರೆಗೆ ನೀರಿನಲ್ಲಿ ನಿಂತು ತನ್ನ ಮನೆಯ ಬಾಗಿಲನ್ನು ತಳ್ಳುತ್ತಿದ್ದ. ಒಳಗಿನಿಂದ ನೀರು ಒತ್ತಿ ಹಿಡಿದಿತ್ತು. ನಾಲ್ಕು ಜನ ಸೇರಿ ಬಾಗಿಲು ಮುರಿದರು.

ಆ ದಿನ ಸತ್ತವರು ನಾಲ್ಕು ಮಂದಿ. ಬಾಳವ್ವ. ಕಣ್ಣು ಕಾಣದ ಹುಸೇನಸಾಬ. ಆಡು ಬಿಡಿಸಲು ಹೋದ ಅಡಿವೆಕ್ಕ. ಅಟ್ಟದ ಮೇಲೆ ತೊಟ್ಟಿಲಲ್ಲಿದ್ದ ಒಂದು ಕೂಸು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಅಟ್ಟ ಕುಸಿಯುತ್ತದೆ ಎಂದು ನನ್ನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಆ ವಾರದಲ್ಲಿ ಮೂಡಣದಿಂದ ಒಂದೊಂದಾಗಿ ಸುದ್ದಿ ಬಂತು. ಹದಿನಾಲ್ಕರಲ್ಲಿ ನೀರು ಹೊಸ್ತಿಲಿಗಿಂತ ಎರಡು ಮೊಳ ಕೆಳಗೆ ನಿಂತಿದೆ. ಹದಿನೆಂಟರಲ್ಲಿ ಜನ ಕಾಲುವೆಯ ದಂಡೆಯಲ್ಲಿ ಕೂತು ಅಳುತ್ತಿದ್ದಾರೆ. ಮೂವತ್ತರಿಂದ ಒಬ್ಬ ಮುದುಕ ಬಂದು, ನೀರು ಹೀಗೆ ಸುಮ್ಮನಿರುವುದನ್ನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದನಂತೆ. ನೂರರ ಆಚೆ ಏನಾಯಿತು ಎಂದು ನನಗೆ ಇವತ್ತಿಗೂ ತಿಳಿಯದು. ಎಂಥ ಸೂತ್ರವಾದರೂ ಎಲ್ಲೋ ಒಂದು ಕಡೆ ಕೈ ಬಿಡಲೇಬೇಕು.

ವಿಚಾರಣೆ ಅರ್ಧ ದಿನವೂ ನಡೆಯಲಿಲ್ಲ. ಸೂತ್ರ ಬದಲಿಸಿದ್ದು ನಾನೇ ಎಂದು ನಾನೇ ಹೇಳಿದೆ. ತಗ್ಗಿನ ಓಣಿಗೆ ನೀರು ಬರುತ್ತದೆಂದು ಈಕೆಗೆ ಮೊದಲೇ ತಿಳಿದಿತ್ತೇ ಎಂದು ಮಾಸ್ತರರನ್ನು ಕೇಳಿದರು. “ತಿಳಿದಿತ್ತು” ಎಂದರು ಅವರು, “ನನಗೂ ತಿಳಿದಿತ್ತು.” ಅವರನ್ನು ಲೆಕ್ಕದ ಮನೆಯಿಂದ ತೆಗೆದರು. ನನ್ನನ್ನು ಹತ್ತರ ಈಚೆ ಕಾಲಿಡಬಾರದೆಂದು ಕಳಿಸಿದರು. ಚನ್ನಮಲ್ಲಪ್ಪನವರು ನಾಲ್ಕೂ ಹೆಣಗಳಿಗೆ ಮುಂದೆ ನಿಂತು ಹೆಗಲು ಕೊಟ್ಟರು. ಆ ವರ್ಷ ಅವರ ಗದ್ದೆಯಲ್ಲಿ ಎರಡನೆಯ ಬೆಳೆಯೂ ಬಂತು.

ಅಕ್ಕ ನನ್ನನ್ನು ಮನೆಯೊಳಗೆ ಕರೆದುಕೊಂಡಳು. ಮೊದಲ ದಿನ ಊಟಕ್ಕೆ ಬಡಿಸುತ್ತಾ, “ಎಷ್ಟು ಮಂದಿ?” ಎಂದು ಕೇಳಿದಳು.

“ನಾಲ್ಕು.”

ಸೌಟು ಗಡಿಗೆಯೊಳಗೆ ನಿಂತಿತು. “ನಾ ಬ್ಯಾಡ ಅಂದಿದ್ದು ಇದಕ್ಕ ಅಲ್ಲೇನ ತಂಗೀ? ಇನ್ನೊಬ್ಬರ ಮ್ಯಾಲ ಬಿಡೂದು ಬ್ಯಾಡ ಅಂತ?” ಎಂದಳು. ಆಮೇಲೆ ಬಡಿಸಿದಳು. ಹಿಂದಿನ ವರ್ಷ ಹದಿನಾಲ್ಕರಲ್ಲೇ ಮೂವತ್ತೊಂದು ಮಂದಿ ಸತ್ತಿದ್ದರು ಎಂದು ನಾನು ಹೇಳಬಹುದಿತ್ತು. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಡಿಸಿದ್ದನ್ನು ಉಂಡೆ.

ಅಲ್ಲಿನವರು ನನ್ನನ್ನು ದೇವರಂತೆ ನೋಡಲು ಬಂದರು. ಹೆಂಗಸರು ಮಕ್ಕಳನ್ನು ತಂದು ನನ್ನ ಕಾಲ ಮೇಲೆ ಹಾಕಿದರು. ಕೆಲವರು ದೂರದಿಂದ ನೋಡಿ ಹಾಗೆಯೇ ಹೋದರು. ಎರಡೂ ಬಗೆಯವರನ್ನು ಕಂಡರೆ ನಾನು ಒಳಗೆ ಹೋಗುತ್ತಿದ್ದೆ. ಪಂಚರು ಹೊಸದೊಂದು ಪಟ್ಟಿ ಮಾಡಿದ್ದಾರೆ ಎಂಬ ಸುದ್ದಿ ಬೇಸಿಗೆಯಲ್ಲಿ ಬಂತು. ಇನ್ನು ಮೇಲೆ ತೂಕ ಮೊದಲಿಗಿಂತ ಬೇಗ ಇಳಿಯುತ್ತದೆ, ಎಂಟರಲ್ಲಿಯೇ ಕೂದಲೆಳೆ. ಸೂತ್ರ ಓದುವವರ ಹಿಂದೆ ಇಬ್ಬರು ಹಾಳೆ ನೋಡುತ್ತಾ ನಿಲ್ಲುತ್ತಾರೆ. ಬರುವ ವರ್ಷ ಮೂಡಣ ಮುಳುಗುವ ಸರದಿ.

ಮಳೆಗಾಲ ಮುಗಿಯುತ್ತಿದ್ದಾಗ ಶಿದ್ರಾಮ ಬಂದ. ಒಂದು ತಳ್ಳುಗಾಡಿಯಲ್ಲಿ ಜಂಬಿನ ಹೊರೆ, ಹೆಣೆಯುವ ಚೌಕಟ್ಟು, ಎರಡು ಪಾತ್ರೆ. ತಗ್ಗಿನ ಓಣಿಯಲ್ಲಿ ನೀರು ಇಳಿಯಲು ಇನ್ನೂ ನಾಲ್ಕು ತಿಂಗಳಿತ್ತು. ಇಳಿದರೂ ಆ ಮನೆಯಲ್ಲಿ ಮಲಗಲಾರೆ ಎಂದು ಅಕ್ಕನ ಹತ್ತಿರ ಹೇಳಿದನಂತೆ. ಅಕ್ಕ ನಮ್ಮ ಹಿತ್ತಿಲಿಗೆ ಹತ್ತಿದ ಖಾಲಿ ಕೋಣೆಯನ್ನು ಅವನಿಗೆ ಕೊಟ್ಟಳು. ನನ್ನನ್ನು ಕೇಳಲಿಲ್ಲ, ಕೇಳಬೇಕಾದದ್ದೂ ಇರಲಿಲ್ಲ.

ಮೂರು ದಿನ ಅವನು ನನ್ನ ಕಡೆ ನೋಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕೂತು ಕಾಳು ಆರಿಸುತ್ತಿದ್ದಾಗ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ನಾನು ಮೊರ ಕೆಳಗಿಟ್ಟೆ. ಹೊಡೆಯುತ್ತಾನೆ ಎಂದುಕೊಂಡೆ.

“ಅಕ್ಕಾರ, ಒಂದು ಮಾತು ಕೇಳತೇನಿ. ನನಗ ಲೆಕ್ಕಾ ತಿಳಿಯಂಗಿಲ್ಲ, ತಿಳಿಯೂ ಹಂಗ ಹೇಳಬೇಕು.”

“ಕೇಳಪ್ಪಾ.”

“ಹದಿನಾಲ್ಕರ ಮಂದಿಗೆ ತೂಕ ಇದ್ದಿದ್ದಿಲ್ಲ, ನೀವು ಅವರಿಗೆ ಕೊಟ್ರಿ ಅಂತಾರ. ನಿಮ್ಮ ಪಟ್ಟಿಯೊಳಗ ನಮ್ಮ ಓಣಿದು ಎಷ್ಟು ಇತ್ರಿ? ಇವರಿಗೆ ಕೊಡಾಕ ನಮ್ಮದು ತಗದ್ರೇನ್ರಿ?”

“ಇಲ್ಲಪ್ಪಾ. ನಿಮ್ಮ ಓಣಿದು ಒಂದಕ್ಕ ಒಂದು, ಕಲ್ಲಿನ ಹಂತ್ಯಾಕ ಇರೋ ಎಲ್ಲಾರ ಹಂಗ. ಅದಕ್ಕಿಂತ ಹೆಚ್ಚು ಯಾರಿಗೂ ಇರಲಿಲ್ಲ.”

“ನಮ್ಮವ್ವಗೂ?”

“ನಿಮ್ಮವ್ವಗೂ.”

ಅವನು ಮೊರದಿಂದ ಒಂದು ಕಾಳು ತೆಗೆದುಕೊಂಡು ಬೆರಳ ನಡುವೆ ಹೊರಳಿಸಿದ.

“ಮತ್ತ ಲೆಕ್ಕಾ ತಪ್ಪಿತೇನ್ರಿ?”

“ತಪ್ಪಲಿಲ್ಲ. ಹಾಳಿ ಮ್ಯಾಲ ಎಷ್ಟಿತ್ತೋ ಅಷ್ಟ ನೀರು ಬಂತು.”

ಅವನು ತಲೆಯಾಡಿಸಿದ. ಕಾಳನ್ನು ಮತ್ತೆ ಮೊರದಲ್ಲಿಟ್ಟು ಮೊಣಕಾಲಿಗೆ ಕೈ ಊರಿ ಎದ್ದ.

“ತಪ್ಪಿದ್ರ ಚೊಲೋ ಇತ್ತು ನೋಡ್ರಿ” ಎಂದು ಹೇಳಿ, ತನ್ನ ಕೋಣೆಗೆ ಹೋಗಿ ಜಂಬು ಸೀಳಲು ಕೂತ.